ಒಂದು ಚಿಕ್ಕ ಪರೀಕ್ಷೆ

ಬೆಂಗಳೂರಿನ ಪಶ್ಚಿಮಕ್ಕಿರುವ ರಾಜಾಜಿನಗರದಲ್ಲಿ ಹಲವು ಕಾರ್ಖಾನೆಗಳಿವೆ. ಕಾರ್ಮಿಕರ ರಾಜ್ಯ ವಿಮಾ ಯೋಜನೆಯಂತೆ ವಿಮೆ ಹೊಂದಿದ ಕಾರ್ಮಿಕರಿಗೂ ಅವರ ಕುಟುಂಬದವರಿಗೂ ಚಿಕಿತ್ಸೆ ನೀಡುವ ಇ.ಎಸ್.ಐ. ಆಸ್ಪತ್ರೆಯೂ ಅಲ್ಲಿದೆ. ಇಂತಹ ಯಾವ ಆಸ್ಪತ್ರೆಯಲ್ಲೇ ಆಗಲಿ, ವೈದ್ಯರು ಮೂತ್ರ ಪರೀಕ್ಷೆ ಮಾಡಿಸಲು ಹೇಳಿದರೆ ಕೆಲವರು ನಾಚುತ್ತಾರೆ, ಕೆಲವರು "ನೋವೇ ಇಲ್ಲ, ಪರೀಕ್ಷೆ ಏತಕ್ಕೆ?" ಎನ್ನುತ್ತಾರೆ. ಈ ಪ್ರಶ್ನೆಗೆ ಉತ್ತರ ಮೂತ್ರಪಿಂಡಗಳ ಕಾರ್ಯದಲ್ಲಿಯೇ ಇದೆ.

ಒಂದೊಂದು ಮೂತ್ರಪಿಂಡದಲ್ಲಿಯೂ ಸುಮಾರು ಹತ್ತು ಲಕ್ಷ ಸೂಕ್ಷ್ಮ ಶೋಧಕಗಳಿವೆ. ಅವು ರಕ್ತದ ಕಲ್ಮಶವನ್ನು ನೀರಿನೊಡನೆ ಹೊರಬಿಟ್ಟು, ದೇಹಕ್ಕೆ ಬೇಕಾದ ಸಸಾರಜನಕವನ್ನು, ಎಂದರೆ ಪ್ರೋಟೀನನ್ನು, ರಕ್ತದಲ್ಲಿಯೇ ಉಳಿಸುತ್ತವೆ. ಆರೋಗ್ಯವಂತರ ಮೂತ್ರದಲ್ಲಿ ದಿನಕ್ಕೆ 150 ಮಿಲಿಗ್ರಾಮಿಗಿಂತ ಹೆಚ್ಚು ಪ್ರೋಟೀನು ಹೋಗುವುದಿಲ್ಲ. ಜರಡಿ ಹರಿದರೆ ಹಿಟ್ಟಿನೊಡನೆ ತೌಡೂ ಕೆಳಗೆ ಬೀಳುವಂತೆ, ಶೋಧಕಗಳು ಕೆಟ್ಟರೆ ಪ್ರೋಟೀನು ಮೂತ್ರಕ್ಕೆ ಇಳಿಯುತ್ತದೆ.

ಮೊಟ್ಟೆಯ ಬಿಳಿಯ ಭಾಗ ಬಿಸಿಗೆ ಗಟ್ಟಿಯಾಗುವಂತೆ ಈ ಪ್ರೋಟೀನೂ ಹೆಪ್ಪುಗಟ್ಟುತ್ತದೆ. ಮೈ ಊದಿದ ರೋಗಿಗಳ ಮೂತ್ರ ಕಾಯಿಸಿದಾಗ ಹೀಗಾಗುವುದಕ್ಕೂ ಅವರ ಮೂತ್ರಪಿಂಡಗಳು ಕೆಟ್ಟಿರುವುದಕ್ಕೂ ಇರುವ ಸಂಬಂಧವನ್ನು ಲಂಡನ್ನಿನ ಗೈಸ್ ಆಸ್ಪತ್ರೆಯ ವೈದ್ಯ ರಿಚರ್ಡ್ ಬ್ರೈಟನು 1827ರಲ್ಲಿ ಪ್ರಕಟಿಸಿದನು.

ಪರೀಕ್ಷೆಯ ಕ್ರಮ ಸರಳವಾದುದು. ಪ್ರನಾಳದ ಮುಕ್ಕಾಲು ಭಾಗ ಮೂತ್ರ ತುಂಬಿ ಮೇಲ್ಭಾಗವನ್ನು ಮಾತ್ರ ಕಾಯಿಸುತ್ತಾರೆ. ಬಿಳಿಯ ಮಬ್ಬು ಕಾಣಿಸಿದರೆ ಕೆಲವು ಹನಿ ದುರ್ಬಲ ಅಸಿಟಿಕ್ ಆಮ್ಲ ಬೆರೆಸುತ್ತಾರೆ. ಮಬ್ಬು ಕರಗಿದರೆ ಅದು ಫಾಸ್ಫೇಟು, ಉಳಿದರೆ ಪ್ರೋಟೀನು. ಕಾಯಿಸದ ಕೆಳಭಾಗ ತಿಳಿಯಾಗಿಯೇ ಉಳಿಯುವುದರಿಂದ ಹೋಲಿಸಿ ನೋಡುವುದು ಸುಲಭ. ಇಂದು ಬಹುತೇಕ ಪ್ರಯೋಗಾಲಯಗಳಲ್ಲಿ ಇದಕ್ಕಾಗಿ ಕಾಗದದ ಪಟ್ಟಿ ಬಳಸುತ್ತಾರೆ. ಪ್ರೋಟೀನು ತಗುಲಿದರೆ ಅದರ ಹಳದಿ ಬಣ್ಣ ಹಸಿರಿಗೆ ತಿರುಗುತ್ತದೆ.

ಜ್ವರ ಬಂದಾಗ, ಮಿತಿಮೀರಿ ದುಡಿದಾಗ ಆರೋಗ್ಯವಂತರ ಮೂತ್ರದಲ್ಲಿಯೂ ತಾತ್ಕಾಲಿಕವಾಗಿ ಪ್ರೋಟೀನು ಕಾಣಬಹುದು. ಆದುದರಿಂದ ಒಂದೇ ಫಲಿತಾಂಶಕ್ಕೆ ಹೆದರದೆ ಮತ್ತೆ ಪರೀಕ್ಷಿಸಬೇಕು. ಆದರೆ ಗರ್ಭಿಣಿಯ ರಕ್ತದೊತ್ತಡ ಏರಿ ಮೂತ್ರದಲ್ಲಿ ಪ್ರೋಟೀನು ಕಂಡರೆ ತಾಯಿ, ಮಗು ಇಬ್ಬರ ಜೀವಕ್ಕೂ ಅಪಾಯವುಂಟು, ಅಲ್ಲಿ ತಡಮಾಡುವಂತಿಲ್ಲ. ಮಧುಮೇಹಿಗಳಲ್ಲಿ ಮೊದಲ ಅಲ್ಪ ಸೋರಿಕೆ ಸಾಮಾನ್ಯ ಪಟ್ಟಿಗೆ ಸಿಕ್ಕದಿರಬಹುದು. ಆದ್ದರಿಂದ ಅವರು ವರ್ಷಕ್ಕೊಮ್ಮೆಯಾದರೂ ಆಲ್ಬುಮಿನ್ ಎಂಬ ಪ್ರೋಟೀನನ್ನು ಅಳೆಯುವ ಸೂಕ್ಷ್ಮ ಪರೀಕ್ಷೆ ಮಾಡಿಸಬೇಕು.

ಮೂತ್ರಪಿಂಡದ ಅನೇಕ ರೋಗಗಳು ನೋವಿಲ್ಲದೆ ಬೆಳೆಯುತ್ತವೆ. ಮೈ ಊದಿ, ಆಯಾಸ ಹೆಚ್ಚುವ ವೇಳೆಗೆ ಬಹಳಷ್ಟು ಶೋಧಕಗಳು ನಾಶವಾಗಿರುತ್ತವೆ. ನಾಶವಾದವು ಮತ್ತೆ ಹುಟ್ಟುವುದಿಲ್ಲ. ಸೋರಿಕೆ ಮೊದಲೇ ತಿಳಿದರೆ ರಕ್ತದೊತ್ತಡವನ್ನೂ ಸಕ್ಕರೆಯನ್ನೂ ಹತೋಟಿಯಲ್ಲಿಟ್ಟು ಉಳಿದವನ್ನು ಕಾಪಾಡಿಕೊಳ್ಳಬಹುದು. ನೋವಿಲ್ಲವೆಂದು ಪರೀಕ್ಷೆಯನ್ನು ಮುಂದೂಡುವುದು ವಿವೇಕವಲ್ಲ.