ಯೆಜ್ಡಿ ಚಾಸಿಗೆ ಪೌಡರ್ ಕೋಟಿಂಗ್ ಮಾಡಿಸುವ ಮುನ್ನ

ತಂದೆಯವರ ಯೆಜ್ಡಿ ಬೈಕನ್ನು ಮತ್ತೆ ರಸ್ತೆಗಿಳಿಸಲು ಹೊರಟಿದ್ದೀರಿ. ಅದನ್ನು ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿತು. ಚಾಸಿ ಕೆಟ್ಟರೆ ಬದಲಿ ಹುಡುಕುವುದು ಕಷ್ಟ, ಆದ್ದರಿಂದ ಕಡಿಮೆ ದರವೊಂದನ್ನೇ ನೋಡಿ ಅಂಗಡಿ ಆರಿಸಬೇಡಿ.

ಕೋಟಿಂಗ್ ಎಷ್ಟು ವರ್ಷ ನಿಲ್ಲುತ್ತದೆ ಎಂಬುದು ಕೆಳಗಿನ ಲೋಹ ಎಷ್ಟು ಸ್ವಚ್ಛವಾಗಿದೆ ಎನ್ನುವುದರ ಮೇಲಿದೆ. ಗ್ರೀಸ್ ತೆಗೆದು, ಸ್ಯಾಂಡ್‌ಬ್ಲಾಸ್ಟ್ ಮಾಡಿ, ಅದೇ ದಿನ ಪೌಡರ್ ಹೊಡೆಯುತ್ತೀರಾ ಎಂದು ಕೇಳಿ. ಬರಿ ಉಕ್ಕನ್ನು ಮಳೆಗಾಲದ ತೇವದಲ್ಲಿ ರಾತ್ರಿಯಿಡೀ ಬಿಟ್ಟರೆ ತುಕ್ಕು ಮತ್ತೆ ಶುರುವಾಗುತ್ತದೆ, ಅದರ ಮೇಲೆ ಹಾಕಿದ ಪದರ ಮುಂದೆ ಸಿಪ್ಪೆಯಂತೆ ಏಳುತ್ತದೆ.

ಬ್ಲಾಸ್ಟಿಂಗ್‌ಗೂ ಕೋಟಿಂಗ್‌ಗೂ ಮುನ್ನ ಚಾಸಿ ನಂಬರನ್ನು ಮುಚ್ಚಿಸಲೇಬೇಕು (ಮಾಸ್ಕಿಂಗ್). ಒರಟು ಬ್ಲಾಸ್ಟಿಂಗ್‌ಗೆ ಅಕ್ಷರ ಸವೆದರೆ ಅಥವಾ ದಪ್ಪ ಪದರದಡಿ ಹೂತುಹೋದರೆ ಆರ್‌ಟಿಓ ತಪಾಸಣೆಯಲ್ಲಿ ತೊಂದರೆ ನಿಮಗೇ. ಬೇರಿಂಗ್, ಬುಷ್, ರಬ್ಬರ್ ಎಲ್ಲವನ್ನೂ ಕಳಚಿಯೇ ಕೊಡಿ, ಪೌಡರ್ ಕರಗಿಸುವ ಭಟ್ಟಿಯ ಶಾಖ ಸುಮಾರು 180ರಿಂದ 200 ಡಿಗ್ರಿ ಇರುತ್ತದೆ. ಪದರ ಸಾಮಾನ್ಯವಾಗಿ 60ರಿಂದ 100 ಮೈಕ್ರಾನ್ ದಪ್ಪ. ಥ್ರೆಡ್‌ಗಳಲ್ಲಿ, ಬೇರಿಂಗ್ ಕೂರುವ ಜಾಗದಲ್ಲಿ ಅದು ಸೇರಿದರೆ ಜೋಡಣೆಯೇ ಆಗದು. ಅರ್ತ್ ವೈರ್ ಕೂರುವ ಜಾಗವೂ ಬರಿ ಲೋಹವಾಗಿಯೇ ಇರಲಿ.

ಬಿಸಿಲಲ್ಲಿ ಓಡುವ ಗಾಡಿಗೆ ಪಾಲಿಯೆಸ್ಟರ್ ಪೌಡರ್ ಕೇಳಿ. ಎಪಾಕ್ಸಿ ಒಂದನ್ನೇ ಹಾಕಿದರೆ ಬಿಸಿಲಿಗೆ ಮಂಕಾಗುತ್ತದೆ.

ಟ್ಯಾಂಕನ್ನು ಮಾತ್ರ ಪೌಡರ್ ಕೋಟಿಂಗ್‌ಗೆ ಕೊಡಬೇಡಿ. ಅದರ ಗುಳಿಗಳಿಗೆ ತುಂಬಿದ ಸಾಮಾನ್ಯ ಪುಟ್ಟಿ ಭಟ್ಟಿಯ ಶಾಖ ತಾಳದು, ಒಳಗೆ ಪೆಟ್ರೋಲ್ ಆವಿ ಉಳಿದಿದ್ದರೆ ಅಪಾಯವೂ ಹೌದು. ಟ್ಯಾಂಕಿಗೆ ಒಳ್ಳೆಯ ಪೇಂಟರ್ ಕೈಯಲ್ಲಿ ಸ್ಪ್ರೇ ಪೇಂಟೇ ಸರಿ.