ಹಸ್ತಪ್ರತಿಯನ್ನು ವಿದ್ವತ್ಪತ್ರಿಕೆಗೆ ಕಳುಹಿಸುವ ಮುನ್ನ

ನಮ್ಮಲ್ಲಿ ಪ್ರಬಂಧ ಬರೆಯುವವರಿಗೆ ಕೊರತೆಯಿಲ್ಲ. ಅದನ್ನು ವಿದ್ವತ್ಪತ್ರಿಕೆಗೆ ಕಳುಹಿಸುವವರು ಮಾತ್ರ ವಿರಳ. ಬಳ್ಳಾರಿಯ ವಿದ್ಯಾರ್ಥಿ ಬರೆದುದನ್ನು ಯಾರು ಅಚ್ಚು ಹಾಕಿಸುತ್ತಾರೆಂಬ ಸಂಕೋಚವೇ ಇದಕ್ಕೆ ಕಾರಣವಿರಬೇಕು. ಆದರೆ ನಮ್ಮ ಜಿಲ್ಲೆಯ ಹೆಸರು ಅಂತಹ ಪತ್ರಿಕೆಗಳಿಗೆ ಹೊಸತೇನಲ್ಲ. ಕಪ್ಪಗಲ್ಲಿನ ಗುಡ್ಡದ ಬಂಡೆಚಿತ್ರಗಳನ್ನು ಕುರಿತು ಫಾಸೆಟ್ ಎಂಬವರು 1892ರಷ್ಟು ಹಿಂದೆಯೇ ಬರೆದರು. 2004ರಲ್ಲಿ ನಿಕೋಲ್ ಬೊಯ್ವಿನ್ ಅವರು ಅದೇ ಗುಡ್ಡದ, ಬಡಿದರೆ ನಾದಗೊಡುವ ಕಲ್ಲುಗಳನ್ನು ಕುರಿತು 'ಆಂಟಿಕ್ವಿಟಿ' ಪತ್ರಿಕೆಯಲ್ಲಿ ಬರೆದರು. ನಡುವೆ ನೂರು ವರ್ಷ ಕಳೆದಿತ್ತು. ಕಲ್ಲುಗಣಿಯ ಭಯವೂ ಆ ಗುಡ್ಡಕ್ಕೆ ಬಂದಿತ್ತು. ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯ ಉತ್ಖನನವನ್ನು ಎಂ. ಎಸ್. ನಾಗರಾಜರಾಯರು 1965ರಲ್ಲಿ ಗ್ರಂಥರೂಪದಲ್ಲಿ ತಂದರು. ಇವರೆಲ್ಲ ಬರೆದಿಟ್ಟುದರಿಂದಲೇ ಅವರ ಮಾತನ್ನು ನಾವು ಇಂದು ಸ್ಥಳಕ್ಕೆ ಹೋಗಿ ಪರೀಕ್ಷಿಸಬಹುದು.

ಬರೆಯುವ ಮೊದಲು ಮಾಡಬೇಕಾದುದು ಓದುವ ಕೆಲಸ. ಕುರುಗೋಡಿನ ಸಿಂದರ ಶಾಸನವೊಂದನ್ನು ನಕಲು ಮಾಡಿಕೊಂಡು 'ಇದುವರೆಗೆ ಅಪ್ರಕಟಿತ' ಎಂದು ಬರೆಯುವುದು ಸುಲಭ. ಎಲ್. ಡಿ. ಬಾರ್ನೆಟ್ ಅವರು 'ಎಪಿಗ್ರಾಫಿಯಾ ಇಂಡಿಕಾ'ದಲ್ಲಿ ಅಲ್ಲಿಯ ಶಾಸನಗಳನ್ನು ಅಚ್ಚು ಹಾಕಿಸಿದ್ದಾರೆ. ದಕ್ಷಿಣ ಭಾರತ ಶಾಸನಗಳ ಒಂಬತ್ತನೆಯ ಸಂಪುಟದಲ್ಲಿ ಬಳ್ಳಾರಿ ಸೀಮೆಯ ಶಾಸನಗಳು ಹೇರಳವಾಗಿವೆ. ಅವನ್ನು ನೋಡದೆ ಆ ಮಾತನ್ನು ಬರೆದರೆ ಪರಿಶೀಲಕರು ಮೊದಲ ಪುಟದಲ್ಲೇ ಹಸ್ತಪ್ರತಿಯನ್ನು ಕೆಳಗಿಡುವರು.

ಪಾಠವನ್ನು ಕಲ್ಲಿನಲ್ಲಿರುವಂತೆಯೇ ಸಾಲುಸಾಲಾಗಿ ಕೊಡಬೇಕು. ಅಳಿದ ಅಕ್ಷರವನ್ನು ಊಹಿಸಿದರೆ ಕಂಸದಲ್ಲಿಡಬೇಕು. ಕಲ್ಲುಕುಟಿಗನ ಕಾಗುಣಿತವನ್ನು ನಾವು ತಿದ್ದಲಾಗದು. ಕಾಲಗಣನೆಯಲ್ಲಿಯೂ ಎಚ್ಚರ ಬೇಕು. ಶಕ 1095ಕ್ಕೆ 78 ಕೂಡಿಸಿದರೆ 1173 ಬರುತ್ತದೆ, ಅದು ವಿಜಯ ಸಂವತ್ಸರ. ಆದರೆ ಮಾಸ ಫಾಲ್ಗುಣವಾಗಿದ್ದರೆ ಕ್ರಿಸ್ತವರ್ಷ 1174 ಆಗುತ್ತದೆ. ಸಂವತ್ಸರದ ಹೆಸರು ಲೆಕ್ಕಕ್ಕೆ ಹೊಂದದಿದ್ದರೆ ಆ ವಿಷಯವನ್ನು ಮುಚ್ಚಿಡದೆ ಬರೆಯಬೇಕು.

ಊರ ಹಿರಿಯರ ಹೇಳಿಕೆಯ ವಿಚಾರದಲ್ಲಿ ನನಗೆ ಸ್ವಲ್ಪ ಹಟವಿದೆ. ನಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲೇರಿದವನು ನಾನೇ ಮೊದಲಿಗ. ಅಕ್ಷರ ಬಾರದ ನಮ್ಮಜ್ಜನಿಗೆ ಹೊಲದ ಹೆಸರು, ಹಳ್ಳದ ಹೆಸರು, ಯಾವ ಕಲ್ಲು ಎಲ್ಲಿಂದ ಬಂತೆಂಬುದು ಬಾಯಿಪಾಠ. ಇಂತಹವರಿಂದ ತಿಳಿದುದನ್ನು 'ಪ್ರತೀತಿಯುಂಟು' ಎಂದು ತೇಲಿಸಿಬಿಡುವುದು ನ್ಯಾಯವಲ್ಲ. ಒಪ್ಪಿಗೆ ಪಡೆದು, ಹೇಳಿದವರಾರು, ಯಾವ ಊರು, ಯಾವ ದಿನ ಎಂದು ಅಡಿಟಿಪ್ಪಣಿಯಲ್ಲಿ ನಮೂದಿಸಬೇಕು. ಪುಸ್ತಕದ ಪುಟಸಂಖ್ಯೆಗೆ ಸಲ್ಲುವ ಮರ್ಯಾದೆ ಅವರಿಗೂ ಸಲ್ಲತಕ್ಕದ್ದು.

ಉಳಿದುದು ಶಿಸ್ತಿನ ಮಾತು. ಪತ್ರಿಕೆಯ ಹಿಂದಿನ ಸಂಚಿಕೆಗಳನ್ನು ನೋಡಿ ಅದರ ಕ್ರಮವನ್ನು ಅನುಸರಿಸಬೇಕು. ನುಡಿ ಅಕ್ಷರವೋ ಯೂನಿಕೋಡೋ ಎಂದು ಮೊದಲೇ ವಿಚಾರಿಸಬೇಕು; ಇಲ್ಲವಾದರೆ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿ. ಪರಿಶೀಲಕರಿಗೆ ಲೇಖಕ ಯಾರೆಂದು ತಿಳಿಯಬಾರದೆಂಬ ನಿಯಮವಿದ್ದಲ್ಲಿ ಹೆಸರನ್ನು ಪ್ರತ್ಯೇಕ ಹಾಳೆಯಲ್ಲಿಡಬೇಕು. ಒಂದೇ ಲೇಖನವನ್ನು ಏಕಕಾಲದಲ್ಲಿ ಎರಡು ಕಡೆಗೆ ಕಳುಹಿಸಕೂಡದು.

ಹಣ ಕೊಟ್ಟರೆ ವಾರದಲ್ಲಿ ಅಚ್ಚು ಹಾಕುವ ಪತ್ರಿಕೆಗಳೂ ಇವೆ. ವಿಶ್ವವಿದ್ಯಾಲಯ ಅನುದಾನ ಆಯೋಗವು ತನ್ನ 'ಕೇರ್' ಪಟ್ಟಿಯನ್ನು 2025ರಲ್ಲಿ ಕೈಬಿಟ್ಟ ಮೇಲೆ ಆಯ್ಕೆಯ ಹೊಣೆ ಲೇಖಕರ ಮೇಲೆಯೇ ಹೆಚ್ಚಾಗಿ ಬಿದ್ದಿದೆ. ಸಂಪಾದಕ ಮಂಡಲಿಯಲ್ಲಿ ಯಾರಿದ್ದಾರೆ, ಅವರು ಏನು ಬರೆದಿದ್ದಾರೆ ಎಂದು ನಮ್ಮ ಅಧ್ಯಾಪಕರನ್ನು ಕೇಳಿದರೆ ಅರ್ಧ ಗಳಿಗೆಯಲ್ಲಿ ತಿಳಿಯುತ್ತದೆ.

ಲೇಖನ ತಿದ್ದುಪಡಿಗೆ ಹಿಂದಿರುಗಿದರೆ ಅದು ತಿರಸ್ಕಾರವಲ್ಲ. ಪ್ರತಿಯೊಂದು ಆಕ್ಷೇಪಣೆಗೂ ಉತ್ತರ ಬರೆದು, ಒಪ್ಪದಿರುವಲ್ಲಿ ಆಧಾರ ತೋರಿಸಿ, ತಿದ್ದಿದ ಪ್ರತಿಯೊಡನೆ ಮತ್ತೆ ಕಳುಹಿಸುವುದು ವಾಡಿಕೆ.