ಬಸಲ್ ಹೊಲಿಗೆ: ಆಕಾರ ಎಲ್ಲಿಂದ ಬರುತ್ತದೆ?

ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನಲ್ಲಿ ಲಂಗದ ಹಿಂಭಾಗ ಉಬ್ಬಿ ನಿಲ್ಲಲು ಒಳಗೆ ಕಟ್ಟುತ್ತಿದ್ದ ಆಸರೆಯೇ ಬಸಲ್. 1870ರ ದಶಕದ ಆರಂಭದಲ್ಲೂ 1880ರ ದಶಕದ ನಡುವೆಯೂ ಅದು ರೂಢಿಯಲ್ಲಿತ್ತು. ಶಾಲಾ ನಾಟಕದ ಉಡುಪಿಗಾಗಿ ಇದನ್ನು ಒಂಬತ್ತನೆಯ ತರಗತಿಯ ಕಾರ್ಯಾನುಭವ ಪಾಠವಾಗಿ ತೆಗೆದುಕೊಂಡೆ.

ಸಾಮಗ್ರಿ: ದಪ್ಪ ಕೋರಾ ಬಟ್ಟೆ, ಬಾಗುವ ಪ್ಲಾಸ್ಟಿಕ್ ಪಟ್ಟಿ, ಲಾಡಿ, ಸೊಂಟಪಟ್ಟಿ.

ಹಂತಗಳು: ಬಟ್ಟೆಯನ್ನು ಮೇಲೆ ಕಿರಿದಾಗಿ, ಕೆಳಗೆ ಅಗಲವಾಗಿ ಕತ್ತರಿಸಿದೆವು. ಅಡ್ಡಲಾಗಿ ಮೂರು ಪಟ್ಟಿ ತೂರುವಂತೆ ಜಾಗ ಬಿಟ್ಟು ಹೊಲಿದೆವು. ಪಟ್ಟಿಗಳ ಉದ್ದ ಮೇಲಿನಿಂದ 44, 55, 66 ಸೆಂ.ಮೀ. ತುದಿ ಚುಚ್ಚದಂತೆ ಬಟ್ಟೆ ಸುತ್ತಿ, ಪ್ರತಿ ಪಟ್ಟಿಯ ಎರಡೂ ತುದಿಗೆ ಲಾಡಿ ಹೊಲಿದೆವು. ಮೇಲಂಚನ್ನು ನೆರಿಗೆ ಹಿಡಿದು ಸೊಂಟಪಟ್ಟಿಗೆ ಸೇರಿಸಿದೆವು.

ಇಲ್ಲಿಯವರೆಗೆ ಬಸಲ್ ಚಪ್ಪಟೆ. “ಉಬ್ಬಲು ಏನು ಮಾಡಬೇಕು?” ಎಂದು ಕೇಳಿದೆ. “ಗಂಜಿ ಹಾಕೋಣ ಮಿಸ್” ಎಂದರು ಹಲವರು. ಒಬ್ಬಳು ಮಾತಾಡದೆ ಒಳಗಿನ ಲಾಡಿ ಎಳೆದು ಕಟ್ಟಿದಳು. ಪಟ್ಟಿ ಬಾಗಿತು, ಬಟ್ಟೆ ಎದ್ದು ನಿಂತಿತು. ಎಷ್ಟು ಎಳೆಯಬೇಕು ಎಂಬ ಪ್ರಶ್ನೆ ಅವರಿಂದಲೇ ಬಂತು. ಪಟ್ಟಿಯನ್ನು ಅರ್ಧವೃತ್ತವೆಂದು ಭಾವಿಸಿ, ಪೈ ಬೆಲೆ 22/7 ಹಿಡಿದು ವ್ಯಾಸ ಲೆಕ್ಕ ಹಾಕಿದರು: 28, 35, 42 ಸೆಂ.ಮೀ. ಅಷ್ಟು ಅಂತರಕ್ಕೆ ಕಟ್ಟಿದಾಗ ಆಕಾರ ಒಪ್ಪವಾಯಿತು.

“ಇದನ್ನು ಕಟ್ಟಿಕೊಂಡು ಕೂರೋದು ಹೇಗೆ ಮಿಸ್?” ಎಂಬ ಮಾತಿನಿಂದ ಆ ಕಾಲದ ಹೆಂಗಸರ ಬದುಕಿನ ಚರ್ಚೆ ಹುಟ್ಟಿತು.

ಪ್ರಶಿಕ್ಷಣಾರ್ಥಿಗಳಿಗೆ ನನ್ನ ಸಲಹೆ ಇಷ್ಟೇ: ಪಾಠವಿಡೀ ನಿಂತಿರುವುದು ಆ ಲಾಡಿಯ ಮೇಲೆ. ಅದನ್ನು ನೀವು ಕಟ್ಟಿ ತೋರಿಸಬೇಡಿ.